ಹಳೇ ಕಾರಿನ ಸ್ಟೇರಿಂಗ್ ಲೂಸ್, ಮುಂದಿನ ಚಕ್ರದಲ್ಲಿ ಕಟಕಟ: ಪ್ಲೇ ಎಲ್ಲಿದೆ ಎಂದು ಹುಡುಕುವ ಬಗೆ

ಸ್ಟೇರಿಂಗ್ ಲೂಸ್ ಅನ್ನಿಸಿದ ತಕ್ಷಣ ನಮ್ಮ ದಾವಣಗೆರೆ ಕಡೆ ಹೆಚ್ಚಿನವರು ಮಾಡುವ ಮೊದಲ ಕೆಲಸ, ಚಕ್ರಗಳು ನಿಂತ ಕೋನ ಅಳೆದು ಹೊಂದಿಸುವ ವೀಲ್ ಅಲೈನ್‌ಮೆಂಟ್. ಗಾಡಿಯನ್ನು ಕಂಪ್ಯೂಟರ್ ಮುಂದೆ ನಿಲ್ಲಿಸಿ, ಪರದೆಯಲ್ಲಿ ಹಸಿರು ಅಂಕಿ ಕಂಡರೆ ಮನಸ್ಸಿಗೆ ಸಮಾಧಾನ. ಸ್ವಲ್ಪ ದಿನ ಕಳೆದರೆ ಮತ್ತೆ ಅದೇ ಕಥೆ. ಸವೆದ ಬಾಲ್ ಜಾಯಿಂಟ್ (ಚಕ್ರವನ್ನು ಕೆಳಗಿನ ತೋಳಿಗೆ ಸೇರಿಸುವ ಗುಂಡು ಕೀಲು), ಸವೆದ ಟೈ ರಾಡ್ ಎಂಡ್ (ಸ್ಟೇರಿಂಗ್ ಎಳೆತವನ್ನು ಚಕ್ರಕ್ಕೆ ಮುಟ್ಟಿಸುವ ಸಲಾಕೆಯ ತುದಿಯ ಕೀಲು) ಇರುವ ಗಾಡಿಯಲ್ಲಿ ಅಲೈನ್‌ಮೆಂಟ್ ನಿಲ್ಲುವುದೇ ಇಲ್ಲ. ಯಂತ್ರ ಅಳೆಯುವುದು ಸುಮ್ಮನೆ ನಿಂತ ಚಕ್ರವನ್ನು. ರಸ್ತೆಯ ಮೇಲೆ ಗುಂಡಿ ಹಾರಿದಾಗ, ಬ್ರೇಕ್ ಒತ್ತಿದಾಗ ಅದೇ ಚಕ್ರ ಬೇರೆ ಕಡೆ ಮುಖ ತಿರುಗಿಸುತ್ತದೆ. ಹಾಗಾಗಿ ಅಲೈನ್‌ಮೆಂಟ್ ಯಾವಾಗಲೂ ಕೊನೆಯ ಕೆಲಸ. ಯಾವ ಕೀಲಿನಲ್ಲಿ ಪ್ಲೇ, ಅಂದರೆ ಸವೆದು ಬಂದ ಸಡಿಲ, ಇದೆ ಎಂದು ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ ಗುರುತಿಸುವುದು ಮೊದಲ ಕೆಲಸ. ಅದಕ್ಕೆ ದೊಡ್ಡ ಗ್ಯಾರೇಜ್ ಬೇಕಿಲ್ಲ. ಜಾಕಿ, ಗಟ್ಟಿ ಸ್ಟ್ಯಾಂಡ್, ಒಂದು ಉದ್ದನೆಯ ಟಾಮಿ (ಮೀಟುವ ಕಬ್ಬಿಣದ ಸಲಾಕೆ), ಟಾರ್ಚ್, ಸ್ಟೇರಿಂಗ್ ಹಿಡಿದು ಕೂರಲು ಒಬ್ಬ ಮನುಷ್ಯ ಸಾಕು.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಮಾರುತಿ 800. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದು 2014ರ ಜನವರಿಯವರೆಗೆ ತಯಾರಾದ ಗಾಡಿ. ಇವತ್ತಿಗೂ ಜಗಳೂರು, ಹೊಳಲ್ಕೆರೆ, ಚನ್ನಗಿರಿ ಕಡೆಯ ಹಳ್ಳಿಗಳಿಂದ ದಿನಾ ಪೇಟೆಗೆ ಬಂದು ಹೋಗುತ್ತಿದೆ. ರ‍್ಯಾಕ್ ಅಂಡ್ ಪಿನಿಯನ್ ಸ್ಟೇರಿಂಗ್ (ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ ತಿರುಗಿ, ರ‍್ಯಾಕ್ ಎಂಬ ಹಲ್ಲಿನ ಸಲಾಕೆಯನ್ನು ಎಡ–ಬಲ ಸರಿಸುವುದು), ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಜೋಡಣೆ). ಝೆನ್, ಹಳೇ ಆಲ್ಟೊ, ಓಮ್ನಿ, ಸ್ಯಾಂಟ್ರೊ ಇಟ್ಟುಕೊಂಡವರಿಗೂ ಇದೇ ಕ್ರಮ ನಡೆಯುತ್ತದೆ. ಪ್ರೀಮಿಯರ್ ಪದ್ಮಿನಿಯಂಥ ಕಿಂಗ್‌ಪಿನ್ (ಚಕ್ರ ತಿರುಗಲು ಬಾಲ್ ಜಾಯಿಂಟ್ ಬದಲು ಇರುವ ದಪ್ಪ ಉಕ್ಕಿನ ಗೂಟ) ಗಾಡಿಯವರಿಗೆ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳುತ್ತೇನೆ.

ನಮ್ಮ ರಸ್ತೆ ಏನು ಮಾಡುತ್ತದೆ

ಈ ಸೀಮೆಯಲ್ಲಿ ಮುಂದಿನ ಸಸ್ಪೆನ್ಷನ್ ಹಾಳಾಗುವುದಕ್ಕೆ ಗುಂಡಿಗಿಂತ ಮೊದಲು ಹೇಳಬೇಕಾದ್ದು ಧೂಳು. ಬಾಲ್ ಜಾಯಿಂಟ್‌ಗೆ, ಟೈ ರಾಡ್ ಎಂಡ್‌ಗೆ, ರ‍್ಯಾಕ್‌ಗೆ ಒಂದೊಂದು ರಬ್ಬರ್ ಬೂಟ್ ಇರುತ್ತದೆ. ಬೇಸಿಗೆಯ ಬಿಸಿಲಿಗೆ ಆ ರಬ್ಬರ್ ಬಿರುಕು ಬಿಡುತ್ತದೆ. ಬಿರುಕಿನೊಳಗೆ ಸಣ್ಣ ಮಣ್ಣು ಹೋಗಿ ಗ್ರೀಸಿಗೆ ಅಂಟುತ್ತದೆ, ಮೊದಲ ಮಳೆಗೆ ನೀರೂ ಸೇರುತ್ತದೆ. ಅಲ್ಲಿಂದಾಚೆಗೆ ಆ ಗ್ರೀಸು ಗ್ರೀಸಲ್ಲ, ಉಕ್ಕನ್ನು ಉಜ್ಜುವ ಮರಳು. ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ದಿನಾ ತಿರುಗುವ ಗಾಡಿಯ ಬೂಟ್‌ಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ಒಂದು ಬೂಟ್ ಹರಿದದ್ದು ಸಮಯಕ್ಕೆ ಕಂಡರೆ ಬರೀ ಬೂಟ್ ಹಾಕಿಸಿ ಜಾಯಿಂಟ್ ಉಳಿಸಿಕೊಳ್ಳಬಹುದು. ಒಂದು ಮಳೆಗಾಲ ಬಿಟ್ಟರೆ ಜಾಯಿಂಟೇ ಹೋಗಿರುತ್ತದೆ.

ಎರಡನೆಯದು ಎರೆ ಭೂಮಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಅಲೆ ಅಲೆಯಾಗಿ ಏಳುತ್ತದೆ. ಆ ಅಲೆಯ ಮೇಲೆ ವೇಗವಾಗಿ ಹೋದಾಗ ಶಾಕ್ ಅಬ್ಸಾರ್ಬರ್‌ಗೆ, ಬುಷ್‌ಗಳಿಗೆ (ಕೀಲುಗಳಲ್ಲಿ ಕೂರುವ ರಬ್ಬರ್ ಮೆತ್ತೆ) ಬಿಡುವೇ ಇರುವುದಿಲ್ಲ. ಮೂರನೆಯದು ಸುಗ್ಗಿಯ ಕಾಲದ್ದು. ರಸ್ತೆ ಮೇಲೆ ಮೆಕ್ಕೆಜೋಳ ಒಣಹಾಕಿ ಸುತ್ತ ದಪ್ಪ ಕಲ್ಲು ಇಟ್ಟಿರುತ್ತಾರೆ. ಕಾಳು ತುಂಬಿಕೊಂಡು ಹೋದರೂ ಕೆಲವು ಕಲ್ಲು ಅಲ್ಲೇ ಉಳಿದಿರುತ್ತವೆ. ರಾತ್ರಿ ಹೊತ್ತು ಅದರ ಮೇಲೆ ಒಂದು ಸಲ ಚಕ್ರ ಹತ್ತಿದರೆ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದ ತೋಳು) ಸೊಟ್ಟಗಾಗಲು ಅಷ್ಟು ಸಾಕು.

ಕರಾವಳಿಯ ನೋಂದಣಿ ಇರುವ, ಅಂದರೆ ಕೆಎ 19 ಅಥವಾ ಕೆಎ 20 ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಇನ್ನೊಂದು ಜಾಗವನ್ನು ನೋಡಲೇಬೇಕು. ಬಾನೆಟ್ ಎತ್ತಿ, ಸ್ಟ್ರಟ್‌ನ ತಲೆ ಕೂರುವ ತಗಡಿನ ಸುತ್ತ ತುಕ್ಕು, ಬಿರುಕು ಇದೆಯಾ ಎಂದು ಟಾರ್ಚ್ ಹಾಕಿ ನೋಡಿ. ಕೆಳಗೆ ಲೋವರ್ ಆರ್ಮ್ ಬೋಲ್ಟ್ ಆಗುವ ಜಾಗವನ್ನೂ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಅಲ್ಲಿ ತಗಡು ಮೆತ್ತಗಾಗಿದ್ದರೆ ಎಷ್ಟು ಹೊಸ ಪಾರ್ಟ್ ಹಾಕಿದರೂ ಗಾಡಿ ನೆಟ್ಟಗೆ ಹೋಗುವುದಿಲ್ಲ. ಮೊದಲು ಆ ತಗಡಿನ ಕೆಲಸ ಆಗಬೇಕು.

ಗಾಡಿ ಏನು ಹೇಳುತ್ತಿದೆ, ಕೇಳಿಸಿಕೊಳ್ಳಿ

ಕೆಳಗೆ ನುಗ್ಗುವ ಮೊದಲು ಒಂದು ಸುತ್ತು ಓಡಿಸಿ. ಬೆಳಗಿನ ಹೊತ್ತು, ಜನ ಇಲ್ಲದ ರಸ್ತೆಯಲ್ಲಿ, ರೇಡಿಯೊ ಆರಿಸಿ, ಕಿಟಕಿ ಇಳಿಸಿ. ಸ್ಟೇರಿಂಗ್ ನೇರ ಇರುವಾಗ ಎಡಕ್ಕೂ ಬಲಕ್ಕೂ ಸ್ವಲ್ಪ ಆಡಿಸಿದರೂ ಗಾಡಿ ತಿರುಗುತ್ತಿಲ್ಲ, ನಡುವೆ ಒಂದು ಖಾಲಿ ಜಾಗ ಇದೆ ಅನ್ನಿಸಿದರೆ ಅದು ಪ್ಲೇ. ಗಾಡಿ ತಾನಾಗಿ ಅತ್ತಿತ್ತ ಅಲೆದಾಡುತ್ತಾ ನೀವು ಕ್ಷಣಕ್ಷಣಕ್ಕೂ ಸರಿಪಡಿಸುತ್ತಿದ್ದರೆ ಅದು ಬೇರೆ ತೊಂದರೆ: ಟೈರ್‌ನಲ್ಲಿ ಗಾಳಿ ಕಮ್ಮಿ, ಟೋ (ಮೇಲಿನಿಂದ ನೋಡಿದಾಗ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ತಪ್ಪಿದೆ, ಇಲ್ಲವೇ ಬುಷ್ ತಿಂದುಹೋಗಿದೆ. ಬ್ರೇಕ್ ಒತ್ತಿದಾಗ ಮಾತ್ರ ಒಂದು ಕಡೆ ಎಳೆದರೆ ಅದು ಮೂರನೆಯದು. ಈ ಮೂರನ್ನೂ ಜನ ‘ಲೂಸ್’ ಎಂದೇ ಹೇಳುತ್ತಾರೆ. ಹುಡುಕಬೇಕಾದ ಜಾಗ ಮಾತ್ರ ಮೂರಕ್ಕೂ ಬೇರೆ ಬೇರೆ.

60ರಿಂದ 80 ಕಿಲೋಮೀಟರ್ ವೇಗದ ಆಸುಪಾಸು ಸ್ಟೇರಿಂಗ್ ನಡುಗಿ, ಆಮೇಲೆ ಕಮ್ಮಿಯಾದರೆ ಅದು ಬಹುಪಾಲು ವೀಲ್ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗಷ್ಟೇ ನಡುಗಿದರೆ ಡಿಸ್ಕ್ ನೋಡಿ. 20–30ರ ವೇಗದಲ್ಲೇ ಸ್ಟೇರಿಂಗ್ ನಿಧಾನಕ್ಕೆ ಎಡ–ಬಲ ತೂಗಾಡಿದರೆ ಟೈರ್ ಒಳಗಿನ ಪಟ್ಟಿ ಬಿಟ್ಟು ಉಬ್ಬಿರಬಹುದು. ಅಂಥ ಟೈರಿನಲ್ಲಿ ಹೆದ್ದಾರಿಗೆ ಹೋಗಲೇಬಾರದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3215 ಎಂದಿದ್ದರೆ 2015ರ 32ನೇ ವಾರ ತಯಾರಾದದ್ದು. ಅಪರೂಪಕ್ಕೆ ಓಡುವ ಹಳೇ ಕಾರುಗಳಲ್ಲಿ ಗೆರೆ ಚೆನ್ನಾಗಿ ಕಾಣುತ್ತಿದ್ದರೂ ಟೈರ್ ವಯಸ್ಸಾಗಿ ಗಟ್ಟಿಯಾಗಿರುತ್ತದೆ.

ಒಂದು ಎಚ್ಚರಿಕೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ 48ನೇ ಹೆದ್ದಾರಿಯಲ್ಲಿ ಹೋಗುವಾಗ ಗಾಳಿಯಂತ್ರಗಳು ನಿಂತ ಬೆಟ್ಟಗಳು ಬರುತ್ತವೆ. ಅಲ್ಲಿ ಯಂತ್ರ ನೆಟ್ಟಿರುವುದೇ ಗಾಳಿ ಇದೆಯೆಂದು. ಮಾರುತಿ 800, ಓಮ್ನಿಯಂಥ ಹಗುರ ಗಾಡಿಯನ್ನು ಆಷಾಢದ ಅಡ್ಡಗಾಳಿ ಚೆನ್ನಾಗಿಯೇ ತಳ್ಳುತ್ತದೆ. ಆ ತಳ್ಳಾಟವನ್ನು ಸಸ್ಪೆನ್ಷನ್ ದೋಷ ಎಂದುಕೊಳ್ಳಬೇಡಿ. ಹಾಗೆಯೇ ನಮ್ಮ ರಸ್ತೆಗಳ ಮೈ ನೀರು ಹರಿಯಲೆಂದು ಅಂಚಿನ ಕಡೆ ಇಳಿಜಾರಾಗಿರುತ್ತದೆ. ಎಡಗಡೆ ಹೋಗುವ ಗಾಡಿ ಸ್ಟೇರಿಂಗ್ ಸಡಿಲ ಬಿಟ್ಟರೆ ನಿಧಾನಕ್ಕೆ ಎಡಕ್ಕೆ ಜಾರುವುದು ಸಹಜ. ಸಮತಟ್ಟಾದ ದೊಡ್ಡ ಬಯಲಿನಲ್ಲೂ ಎಳೆದರೆ ಮಾತ್ರ ಅದನ್ನು ದೋಷ ಎನ್ನಬೇಕು.

ಟೈರಿನಿಂದಲೇ ಶುರು

ನಾಲ್ಕೂ ಟೈರಿನ ಗಾಳಿಯನ್ನು ತಣ್ಣಗಿರುವಾಗ, ಗಾಡಿ ಜೊತೆ ಬಂದ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ತನ್ನಿ. ಮುಂದಿನ ಎರಡರಲ್ಲಿ ವ್ಯತ್ಯಾಸ ಇದ್ದರೆ ಗಾಡಿ ಕಮ್ಮಿ ಇರುವ ಕಡೆಗೇ ಎಳೆಯುತ್ತದೆ. ಚಕ್ರದ ನಟ್ ಬಿಗಿಯಿದೆಯಾ ನೋಡಿ. ಪಂಕ್ಚರ್ ಹಾಕಿಸಿದ ಮೇಲೆ ಶುರುವಾದ ಕಟಕಟ ಎಷ್ಟೋ ಸಲ ಇದೇ ಆಗಿರುತ್ತದೆ.

ಆಮೇಲೆ ಟೈರ್ ಸವೆತ ಓದಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಮ್ಮಿ ಇಟ್ಟು ಓಡಿಸಿದ್ದೀರಿ. ನಡು ಸವೆದಿದ್ದರೆ ಜಾಸ್ತಿ. ಅಂಗೈಯನ್ನು ಗೆರೆಗಳ ಮೇಲೆ ಅಡ್ಡಲಾಗಿ ಆಡಿಸಿ: ಒಂದು ದಿಕ್ಕಿಗೆ ನುಣುಪು, ವಾಪಸ್ ಬರುವಾಗ ಗರಗಸದ ಹಲ್ಲು ತಗುಲಿದ ಹಾಗಾದರೆ ಟೋ ತಪ್ಪಿದೆ. ಒಂದೇ ಟೈರಿನ ಒಂದೇ ಅಂಚು ಬೋಳಾಗಿದ್ದರೆ ಆ ಕಡೆಯ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಕೆಟ್ಟಿದೆ, ಅಂದರೆ ಏನೋ ಬಾಗಿದೆ ಅಥವಾ ಸವೆದಿದೆ. ಅಲ್ಲಲ್ಲಿ ಬಟ್ಟಲಿನಂತೆ ತಿಂದುಹೋಗಿದ್ದರೆ ಶಾಕ್ ಅಬ್ಸಾರ್ಬರ್ ಇಲ್ಲವೇ ಬ್ಯಾಲೆನ್ಸಿಂಗ್ ಕಡೆ ನೋಡಿ.

ಸದಾ ಒಂದೇ ಕಡೆ ಎಳೆಯುವ ಗಾಡಿಗೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಮುಂದಿನ ಎರಡು ಚಕ್ರಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬದಲಾಯಿಸಿ ಓಡಿಸಿ. ಎಳೆತವೂ ದಿಕ್ಕು ಬದಲಾಯಿಸಿದರೆ ದೋಷ ಟೈರಿನದ್ದು, ಸಸ್ಪೆನ್ಷನ್ ಮುಟ್ಟುವ ಅಗತ್ಯವೇ ಇಲ್ಲ. ಒಂದೇ ದಿಕ್ಕಿಗೆ ಓಡಬೇಕೆಂಬ ಬಾಣದ ಗುರುತು ಇರುವ ಟೈರಿಗೆ ಮಾತ್ರ ಇದು ಬೇಡ.

ಚಕ್ರ ನೆಲದ ಮೇಲಿರುವಾಗ

ಇದೇ ಇಡೀ ಹುಡುಕಾಟದ ಮುಖ್ಯ ಭಾಗ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಗಾಡಿ ಸಮತಟ್ಟು ನೆಲದಲ್ಲಿ ನಿಂತಿರಲಿ, ಚಕ್ರ ನೇರ ಇರಲಿ. ಜಾಕಿ ಬೇಡ. ಸ್ಟೇರಿಂಗ್ ಚಕ್ರದ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಮುಂದಿನ ಟೈರ್ ಇನ್ನೇನು ಅಲುಗಬೇಕು ಅನ್ನುವವರೆಗೆ ಅತ್ತಿತ್ತ ಆಡಿಸಿ. ಆ ಖಾಲಿ ಓಡಾಟ ಅಂಚಿನಲ್ಲಿ ಅಳೆದರೆ 30 ಮಿಲಿಮೀಟರ್ ಒಳಗಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಹುಡುಕಲೇಬೇಕು. ಪವರ್ ಸ್ಟೇರಿಂಗ್ ಇರುವ ಗಾಡಿಗೆ ಇಂಜಿನ್ ಚಾಲೂ ಇಟ್ಟು ಇದನ್ನು ಮಾಡಿ.

ಈಗ ಒಬ್ಬರನ್ನು ಸೀಟಿನಲ್ಲಿ ಕೂರಿಸಿ, ಆ ಖಾಲಿ ಜಾಗದ ಅಳತೆಯಷ್ಟೇ ಸ್ಟೇರಿಂಗನ್ನು ಪುಟ್ಟದಾಗಿ, ಬಿಡದೆ, ಅತ್ತಿತ್ತ ಆಡಿಸುತ್ತಿರಲು ಹೇಳಿ. ಪೂರ್ತಿ ತಿರುಗಿಸಬಾರದು. ನೀವು ಮೇಲಿನಿಂದ ಕೆಳಕ್ಕೆ ಒಂದೊಂದೇ ಕೀಲನ್ನು ಮುಟ್ಟುತ್ತಾ ಬನ್ನಿ. ಮುಟ್ಟುವುದಕ್ಕೂ ಒಂದು ಪದ್ಧತಿ ಇದೆ. ಜಾಯಿಂಟ್‌ನ ಎರಡೂ ಬದಿ ಒಟ್ಟಿಗೆ ಒಂದೇ ಮುಷ್ಟಿಯಲ್ಲಿ ಬರುವಂತೆ ಹಿಡಿಯಿರಿ: ಹೆಬ್ಬೆರಳು ಈಚೆಯ ತುಂಡಿನ ಮೇಲೆ, ಉಳಿದ ಬೆರಳು ಆಚೆಯ ತುಂಡಿನ ಮೇಲೆ. ಜಾಯಿಂಟ್ ಚೆನ್ನಾಗಿದ್ದರೆ ಎರಡೂ ಒಂದೇ ಹೊತ್ತಿಗೆ ಅಲುಗುತ್ತವೆ. ಸವೆದಿದ್ದರೆ ಹೆಬ್ಬೆರಳಿನ ಕೆಳಗಿನದ್ದು ಮೊದಲು ಅಲುಗಿ, ಚಿಕ್ಕ ‘ಟಿಕ್’ ಆದಮೇಲೆ ಆಚೆಯದು ಹಿಂಬಾಲಿಸುತ್ತದೆ. ಆ ಟಿಕ್ ಕಿವಿಗೆ ಕೇಳದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ ಪ್ಲೇ ಕೂಡ ಕೈಗೆ ಸಿಗುತ್ತದೆ.

ಮೊದಲು ಸ್ಟೇರಿಂಗ್ ಕಾಲಮ್‌ನ ಕೆಳಗಿನ ಜಾಯಿಂಟ್, ಅದನ್ನು ಪಿನಿಯನ್‌ಗೆ ಬಿಗಿಯುವ ಬೋಲ್ಟ್. ಈ ಒಂದು ಬೋಲ್ಟ್ ಸಡಿಲವಾಗಿ ಇಡೀ ರ‍್ಯಾಕ್ ಬದಲಾಯಿಸಿದ ಪ್ರಕರಣಗಳಿವೆ. ಮುಂದಿನದು ರ‍್ಯಾಕ್ ಹೌಸಿಂಗ್ ಹಿಡಿದಿರುವ ಕ್ಲ್ಯಾಂಪ್‌ಗಳು. ಸ್ಟೇರಿಂಗ್ ಆಡಿಸಿದಾಗ ಹೌಸಿಂಗೇ ಎಡ–ಬಲ ಸರಿಯುತ್ತಿದ್ದರೆ ಕ್ಲ್ಯಾಂಪಿನ ರಬ್ಬರ್ ಹೋಗಿದೆ ಅಥವಾ ಬೋಲ್ಟ್ ಸಡಿಲ. ಅದಾದಮೇಲೆ ರ‍್ಯಾಕ್ ಎಂಡ್, ಅಂದರೆ ಬೂಟಿನ ಒಳಗಿನ ಬಾಲ್ ಜಾಯಿಂಟ್. ಬೂಟನ್ನು ಹೊರಗಿನಿಂದಲೇ ಹಿಸುಕಿ ಹಿಡಿದರೆ ಒಳಗಿನ ಟಿಕ್ ಸಿಗುತ್ತದೆ. ಕೊನೆಗೆ ಹೊರಗಿನ ಟೈ ರಾಡ್ ಎಂಡ್. ಮಾರುತಿಯಲ್ಲಿ ಹೆಚ್ಚು ಸಲ ಸಿಕ್ಕಿಬೀಳುವುದು ಈ ಕೊನೆಯವನೇ.

ಇವೆಲ್ಲ ಗಟ್ಟಿ ಇದ್ದೂ ಪ್ಲೇ ಉಳಿದಿದ್ದರೆ ಅದು ರ‍್ಯಾಕ್ ಮತ್ತು ಪಿನಿಯನ್ ಹಲ್ಲುಗಳ ನಡುವಿನದ್ದು. ರ‍್ಯಾಕ್ ಹಿಂದೆ ಸ್ಪ್ರಿಂಗ್ ಇರುವ ಒಂದು ಪ್ಲಂಜರ್, ಅದನ್ನು ಬಿಗಿಮಾಡುವ ಸ್ಕ್ರೂ ಇರುತ್ತದೆ. ಇಲ್ಲಿ ಕೈ ಹಿಡಿತ ಬೇಕು. ದಿನದ ಓಡಾಟವೆಲ್ಲ ನೇರ ರಸ್ತೆಯಲ್ಲೇ ಆಗುವುದರಿಂದ ಹಲ್ಲು ಸವೆಯುವುದು ನಡುವಿನಲ್ಲಿ. ಎರಡು ತುದಿಯ ಹಲ್ಲುಗಳು ಹೊಸದಾಗಿಯೇ ಇರುತ್ತವೆ. ನಡುವಿನ ಪ್ಲೇ ಪೂರ್ತಿ ಹೋಗುವಷ್ಟು ಸ್ಕ್ರೂ ಬಿಗಿದರೆ ತುದಿಯಲ್ಲಿ ಸ್ಟೇರಿಂಗ್ ಹಿಡಿದುಕೊಳ್ಳುತ್ತದೆ, ತಿರುವಿನ ನಂತರ ತಾನಾಗಿ ವಾಪಸ್ ಬರುವುದಿಲ್ಲ. ಅದು ಪ್ಲೇಗಿಂತ ಅಪಾಯ. ಸ್ವಲ್ಪ ಸ್ವಲ್ಪವೇ ಬಿಗಿದು, ಪ್ರತಿ ಸಲ ಚಕ್ರ ಎತ್ತಿ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ತಿರುಗಿಸಿ ನೋಡಬೇಕು. ಎಲ್ಲಾದರೂ ಬಿಗಿಯಾದರೆ ಅಲ್ಲಿಗೆ ನಿಲ್ಲಿಸಿ. ಆಮೇಲೂ ಪ್ಲೇ ಉಳಿದರೆ ಆ ರ‍್ಯಾಕ್‌ನ ಆಯುಸ್ಸು ಮುಗಿದಿದೆ.

ಪದ್ಮಿನಿಯಲ್ಲಿ, ಹಳೇ ಜೀಪಿನಲ್ಲಿ ರ‍್ಯಾಕ್ ಬದಲು ಸ್ಟೇರಿಂಗ್ ಬಾಕ್ಸ್ ಇರುತ್ತದೆ. ಕ್ರಮ ಅದೇ, ಕೀಲುಗಳು ಮಾತ್ರ ಹೆಚ್ಚು. ಪದ್ಮಿನಿಯಲ್ಲಿ ಐಡ್ಲರ್ ಆರ್ಮ್‌ನ (ಬಾಕ್ಸ್ ಎದುರು ಬದಿಯಲ್ಲಿ ಸ್ಟೇರಿಂಗ್ ಸಲಾಕೆಗೆ ಆಧಾರವಾದ ತೋಳು) ಬುಷ್ ಮರೆಯಬೇಡಿ. ಬಾಕ್ಸ್ ಬಾಡಿಗೆ ಬಿಗಿಯುವ ಬೋಲ್ಟ್‌ಗಳನ್ನೂ ನೋಡಿ. ಅಂಬಾಸಡರ್‌ನಲ್ಲಿ ರ‍್ಯಾಕ್ ಅಂಡ್ ಪಿನಿಯನ್ನೇ ಇದೆ.

ಚಕ್ರ ಎತ್ತಿ

ಜಾಕಿ ಹಾಕುವ ಮೊದಲು ಹಿಂದಿನ ಎರಡೂ ಚಕ್ರಕ್ಕೆ ಹಿಂದೆ–ಮುಂದೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮಾರುತಿ 800ರಲ್ಲಿ ಗೇರ್ ಹಾಕಿಟ್ಟರೆ ಹಿಡಿಯುವುದು ಮುಂದಿನ ಚಕ್ರಗಳನ್ನು. ಅವನ್ನೇ ಎತ್ತಿದ ಮೇಲೆ ಗೇರ್‌ನ ಭರವಸೆ ಇಲ್ಲ. ಬರೀ ಜಾಕಿ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಭಾಗವನ್ನು ಗ್ಯಾರೇಜಿನಲ್ಲೇ, ನಿಮ್ಮ ಕಣ್ಣೆದುರು ಮಾಡಿಸಿ.

ಸ್ಟ್ರಟ್ ಇರುವ ಗಾಡಿಯನ್ನು ಬಾಡಿಯ ಕೆಳಗೆ ಎತ್ತಿ ಚಕ್ರವನ್ನು ಜೋತುಬೀಳಲು ಬಿಡಬೇಕು. ಲೋವರ್ ಆರ್ಮ್ ಕೆಳಗೆ ಜಾಕಿ ಕೊಟ್ಟರೆ ಬಾಲ್ ಜಾಯಿಂಟ್ ಒತ್ತಿಕೊಂಡು ಪ್ಲೇ ಮುಚ್ಚಿಹೋಗುತ್ತದೆ. ಪದ್ಮಿನಿಯಂತೆ ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತ ಗಾಡಿಯಲ್ಲಿ ಇದು ತಿರುಗುಮುರುಗು: ಅಲ್ಲಿ ಆರ್ಮ್ ಕೆಳಗೇ ಜಾಕಿ ಕೊಟ್ಟು ಸ್ಪ್ರಿಂಗ್‌ನ ಭಾರ ತಪ್ಪಿಸಬೇಕು.

ಟೈರನ್ನು ಗಡಿಯಾರ ಎಂದುಕೊಳ್ಳಿ. 9 ಮತ್ತು 3ರಲ್ಲಿ ಹಿಡಿದು ಅಲ್ಲಾಡಿಸಿ. ಇಲ್ಲಿ ಮಾತ್ರ ಪ್ಲೇ ಇದ್ದರೆ ಅದು ಟೈ ರಾಡ್ ಅಥವಾ ರ‍್ಯಾಕ್ ಕಡೆಯದು. ಆಮೇಲೆ 12 ಮತ್ತು 6ರಲ್ಲಿ ಹಿಡಿದು ಅಲ್ಲಾಡಿಸಿ. ಇಲ್ಲಿ ಪ್ಲೇ ಸಿಕ್ಕರೆ ವೀಲ್ ಬೇರಿಂಗ್, ಬಾಲ್ ಜಾಯಿಂಟ್, ಸ್ಟ್ರಟ್ ಈ ಮೂರರಲ್ಲಿ ಒಂದು. ಎರಡೂ ದಿಕ್ಕಿನಲ್ಲಿ ಒಂದೇ ಸಮ ಅಲ್ಲಾಡಿದರೆ ಅನುಮಾನ ಬೇರಿಂಗ್ ಮೇಲೆ. ಅನುಮಾನ ತೀರಿಸಿಕೊಳ್ಳುವ ದಾರಿ ಸುಲಭ. ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ 12–6ರಲ್ಲಿ ಅಲ್ಲಾಡಿಸಿ. ಬ್ರೇಕ್ ಡಿಸ್ಕನ್ನು ನಕಲ್‌ಗೆ (ಚಕ್ರದ ಬೇರಿಂಗ್ ಕೂರುವ, ಸ್ಟೇರಿಂಗ್ ಜೊತೆ ತಿರುಗುವ ಗಟ್ಟಿ ತುಂಡು) ಕಚ್ಚಿ ಹಿಡಿಯುವುದರಿಂದ ಬೇರಿಂಗ್‌ನ ಪ್ಲೇ ಮಾಯವಾಗುತ್ತದೆ. ಹೋಯಿತೆಂದರೆ ಬೇರಿಂಗ್. ಹೋಗಲಿಲ್ಲ ಎಂದರೆ ಬಾಲ್ ಜಾಯಿಂಟ್ ಅಥವಾ ಸ್ಟ್ರಟ್. ಕಿಂಗ್‌ಪಿನ್ ಗಾಡಿಯಲ್ಲಾದರೆ ಕಿಂಗ್‌ಪಿನ್ ಬುಷ್.

ಬಾಲ್ ಜಾಯಿಂಟ್‌ಗೆ ಟಾಮಿ ಬೇಕು. ಲೋವರ್ ಆರ್ಮ್ ಮತ್ತು ನಕಲ್ ನಡುವೆ ತುದಿ ಸಿಕ್ಕಿಸಿ ಮೇಲೆ–ಕೆಳಗೆ ಮೆಲ್ಲಗೆ ಮೀಟಿ. ಬೂಟಿಗೆ ತಾಗಿಸಬೇಡಿ. ಟಕ್ ಎಂದು ಎರಡೂ ಬೇರೆಯಾಗಿ ಸರಿದರೆ ಆ ಜಾಯಿಂಟ್ ಮುಗಿದಿದೆ. ಇಂಥ ಗಾಡಿಯನ್ನು ‘ನಾಳೆ ನೋಡೋಣ’ ಎಂದು ಊರಿಗೆ ಓಡಿಸಿಕೊಂಡು ಹೋಗಬಾರದು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಅಡ್ಡಲಾಗಿ ಮಡಚಿಕೊಳ್ಳುತ್ತದೆ, ಸ್ಟೇರಿಂಗ್‌ಗೆ ಏನೂ ಉಳಿಯುವುದಿಲ್ಲ. ಮುಂದಿನ ಚಕ್ರದ ಉಳಿದ ದೋಷಗಳಲ್ಲಿ ಕೆಲವು ಒಂದೆರಡು ದಿನ ಕಾಯುತ್ತವೆ. ಪ್ಲೇ ಬಂದ ಬಾಲ್ ಜಾಯಿಂಟ್, ಸ್ಪ್ಲಿಟ್ ಪಿನ್ (ನಟ್ ಕಳಚದಂತೆ ತಡೆಯುವ, ಮಡಚುವ ಪಿನ್) ಇಲ್ಲದ ಟೈ ರಾಡ್ ನಟ್, ಬಿರುಕು ಬಿಟ್ಟ ಸ್ಟ್ರಟ್ ತಲೆಯ ತಗಡು, ಈ ಮೂರಂತೂ ಕಾಯುವುದಿಲ್ಲ.

ಬೇರಿಂಗ್ ಹೋಗಿದ್ದರೆ ರಸ್ತೆಯಲ್ಲೂ ಗುರುತು ಸಿಗುತ್ತದೆ. ವೇಗದ ಜೊತೆ ಏರುವ ‘ಗುಂಯ್’ ಸದ್ದು. ಬಲಕ್ಕೆ ತಿರುಗಿದಾಗ ಜಾಸ್ತಿಯಾದರೆ ಭಾರ ಬಿದ್ದ ಎಡ ಬೇರಿಂಗ್, ಎಡಕ್ಕೆ ತಿರುಗಿದಾಗ ಜಾಸ್ತಿಯಾದರೆ ಬಲದ್ದು.

ಸ್ಟ್ರಟ್, ಬುಷ್, ಮತ್ತೆ ಬ್ರೇಕ್ ಒತ್ತಿದಾಗಿನ ಎಳೆತ

ಸ್ಟ್ರಟ್‌ನ ರಾಡ್ ಸುತ್ತ ಎಣ್ಣೆ ಇಳಿದು ಧೂಳು ಕಪ್ಪಗೆ ಮೆತ್ತಿಕೊಂಡಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ. ಬಾನೆಟ್ ಮೂಲೆ ಒತ್ತಿ ಬಿಟ್ಟು, ಗಾಡಿ ಎರಡು–ಮೂರು ಸಲ ಕುಣಿದರೆ ಶಾಕ್ ಸತ್ತಿದೆ ಎಂದರ್ಥ. ಕುಣಿಯದಿದ್ದರೆ ಚೆನ್ನಾಗಿದೆ ಎಂದು ಮಾತ್ರ ಹೇಳಲಾಗದು. ಕೈಯಿಂದ ಒತ್ತಿದ್ದಕ್ಕೂ ಗುಂಡಿಯ ಹೊಡೆತಕ್ಕೂ ಬಹಳ ಅಂತರವಿದೆ. ಸ್ಟ್ರಟ್ ತಲೆಯ ಬೇರಿಂಗ್ ನೋಡಲು, ಚಕ್ರ ನೆಲದ ಮೇಲಿರುವಾಗ ಬಾನೆಟ್ ಎತ್ತಿ ಮೌಂಟ್ ಮೇಲೆ ಕೈಯಿಟ್ಟು ಸ್ಟೇರಿಂಗ್ ಪೂರ್ತಿ ತಿರುಗಿಸಲು ಹೇಳಿ. ಸ್ಪ್ರಿಂಗ್ ಮುರುಚಿಕೊಂಡು ‘ಟೊಂಯ್’ ಎಂದು ಬಿಡಿಸಿಕೊಂಡರೆ ಬೇರಿಂಗ್ ಬಿಗಿದಿದೆ. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರದಿರುವುದಕ್ಕೆ ಇದೂ ಒಂದು ಕಾರಣ.

ಮಾರುತಿ 800ರಲ್ಲಿ ಎಲ್ಲರೂ ತಪ್ಪಿಸಿಕೊಂಡು ಹೋಗುವ ಜಾಗ ಸ್ಟೆಬಿಲೈಜರ್ ಬಾರ್‌ನ ಬುಷ್. ಬೇರೆ ಎಷ್ಟೋ ಕಾರುಗಳಲ್ಲಿ ಆ ಬಾರ್‌ನ ಕೆಲಸ ತಿರುವಿನಲ್ಲಿ ಗಾಡಿ ಓಲದಂತೆ ನೋಡಿಕೊಳ್ಳುವುದಷ್ಟೇ. 800ರಲ್ಲಿ ಅದಕ್ಕೆ ಎರಡು ಕೆಲಸ: ಲೋವರ್ ಆರ್ಮ್ ಹಿಂದೆ–ಮುಂದೆ ಸರಿಯದಂತೆ ಹಿಡಿದಿರುವುದೂ ಅದೇ. ಬಾರ್‌ನ ತುದಿ ಲೋವರ್ ಆರ್ಮ್ ಒಳಗೆ ತೂರಿರುತ್ತದೆ, ಎರಡೂ ಕಡೆ ರಬ್ಬರ್. ಆ ರಬ್ಬರ್ ಪುಡಿಯಾದರೆ ಬ್ರೇಕ್ ಒತ್ತಿದಾಗ ಆ ಕಡೆಯ ಚಕ್ರ ಇಡಿಯಾಗಿ ಹಿಂದಕ್ಕೆ ಸರಿಯುತ್ತದೆ.

ಜಗಳೂರು ಕಡೆಯ ಹಿರಿಯರೊಬ್ಬರ 800 ಇದಕ್ಕೆ ಒಳ್ಳೆಯ ಉದಾಹರಣೆ. ಬಂದವರೇ ಹೇಳಿದರು:

“ಎರಡು ಸಲ ಅಲೈನ್‌ಮೆಂಟ್ ಮಾಡ್ಸೀನಿ ತಮ್ಮ. ಆದ್ರೂ ಎಡಕ್ಕೇ ಎಳಿತೈತೆ.”

“ಸುಮ್ನೆ ಹೋಗ್ತಿರುವಾಗ್ಲೂ ಎಳಿತೈತಾ ಯಜಮಾನ್ರೆ, ಇಲ್ಲ ಬ್ರೇಕ್ ಒತ್ತಿದಾಗ ಮಾತ್ರನಾ?”

ಸ್ವಲ್ಪ ಯೋಚಿಸಿ, “ಬ್ರೇಕ್ ಒತ್ತಿದಾಗ್ಲೇ ನೋಡು. ಬಿಟ್ಟ ಕೂಡ್ಲೆ ಬಲಕ್ಕೆ ಒಂದು ಸಣ್ಣ ಜಗ್ಗು ಕೊಡ್ತೈತೆ,” ಅಂದರು.

ಆ ಕೊನೆಯ ಮಾತಿನಲ್ಲೇ ಉತ್ತರ ಇತ್ತು. ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಎಂದರೆ ಏನೋ ಸರಿದು ಮತ್ತೆ ಜಾಗಕ್ಕೆ ಬರುತ್ತಿದೆ. ಅವರನ್ನೇ ಕೂರಿಸಿ, ಗಾಡಿಯನ್ನು ನಡಿಗೆಯ ವೇಗದಲ್ಲಿ ಉರುಳಿಸಿ ಗಬಕ್ಕನೆ ಬ್ರೇಕ್ ಒತ್ತಲು ಹೇಳಿ, ನಾನು ಬದಿಯಿಂದ ಎಡ ಚಕ್ರದ ಮೇಲೆ ಕಣ್ಣಿಟ್ಟೆ. ಟೈರಿಗೂ ಫೆಂಡರ್‌ನ ಹಿಂದಿನ ಅಂಚಿಗೂ ನಡುವಿನ ಸಂದು ಒಂದು ಬೆರಳಿನಷ್ಟು ಕಿರಿದಾಗಿ, ಬ್ರೇಕ್ ಬಿಟ್ಟ ಕೂಡಲೇ ‘ಟೊಕ್’ ಎಂದು ಮೊದಲಿನಂತಾಯಿತು. ಬಲ ಚಕ್ರ ಕದಲಲಿಲ್ಲ. ಬುಷ್ ಬಿಚ್ಚಿದಾಗ ರಬ್ಬರ್ ಅಂಗೈಯಲ್ಲಿ ಕರಿ ಹಿಟ್ಟಾಗಿ ಉದುರಿತು. ವಾಷರ್ ಬಾರ್‌ನ ಮೇಲೆ ಕೂತು ಹೊಳೆಯುವ ಗೆರೆ ಕೊರೆದಿತ್ತು. ಎರಡೂ ಕಡೆ ಬುಷ್ ಹಾಕಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಎಳೆತ ನಿಂತಿತು. ಹಿಂದೆ ಎರಡು ಸಲ ಮಾಡಿಸಿದ ಅಲೈನ್‌ಮೆಂಟ್ ಕೂಡ ತಪ್ಪಿರಲಿಲ್ಲ. ನಿಂತ ಗಾಡಿಯಲ್ಲಿ ಆ ಚಕ್ರ ಸರಿಯಾದ ಜಾಗದಲ್ಲೇ ಇತ್ತು.

ಬ್ರೇಕ್ ಒತ್ತಿದಾಗಿನ ಎಳೆತಕ್ಕೆ ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಜಾಮ್ ಆಗಿರುವುದೂ ಕಾರಣ ಇರಬಹುದು. ಹೆಚ್ಚು ಬ್ರೇಕ್ ಬಳಸದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎರಡೂ ರಿಮ್ ಹತ್ತಿರ ಕೈ ತಂದು ನೋಡಿ. ಒಂದು ಮಾತ್ರ ಕೆಂಡದಂತೆ ಕಾದಿದ್ದರೆ ಆ ಕಡೆಯ ಕ್ಯಾಲಿಪರ್ ಬಿಡುತ್ತಿಲ್ಲ. ರಿಮ್ ಮುಟ್ಟಬೇಡಿ.

ಇನ್ನೊಂದು ವಿಷಯ ಅಲೈನ್‌ಮೆಂಟ್ ಮಾಡುವವರ ಬಳಿ ಚರ್ಚೆಗೆ ಬರುತ್ತದೆ. 800ರಲ್ಲಿ ಹೊಂದಿಸಲು ಬರುವುದು ಟೋ ಮಾತ್ರ. ಕ್ಯಾಂಬರ್, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ) ತಯಾರಾದಾಗಲೇ ನಿಗದಿಯಾದದ್ದು. ಅವು ತಪ್ಪಿವೆ ಎಂದು ಚೀಟಿಯಲ್ಲಿ ಬಂದರೆ ‘ಅಡ್ಜಸ್ಟ್ ಮಾಡಿ’ ಎಂದು ಕೇಳುವುದಲ್ಲ, ಬಾಗಿದ ಲೋವರ್ ಆರ್ಮ್, ಬಾಗಿದ ಸ್ಟ್ರಟ್, ಹೋದ ಬುಷ್ ಯಾವುದು ಎಂದು ಹುಡುಕಬೇಕು. ಸ್ಟ್ರಟ್ ಅನ್ನು ಸುತ್ತಿಗೆ–ಜಾಕಿಯಿಂದ ಎಳೆದು ಕ್ಯಾಂಬರ್ ಸರಿಮಾಡುತ್ತೇವೆ ಎನ್ನುವವರಿಗೆ ಗಾಡಿ ಕೊಡಬೇಡಿ.

ಸಸ್ಪೆನ್ಷನ್ ಅಲ್ಲದ ಸದ್ದುಗಳು

ಗುಂಡಿಯಲ್ಲಿ ಬರುವ ಕಟಕಟ, ಬ್ರೇಕ್ ಪೆಡಲ್ ಮೇಲೆ ಸುಮ್ಮನೆ ಕಾಲಿಟ್ಟರೆ ನಿಂತರೆ, ಅದು ಬ್ರೇಕ್ ಪ್ಯಾಡ್ ಅಲ್ಲಾಡುವ ಸದ್ದು. ಕ್ಲಚ್ ಬಿಡುವಾಗ, ರಿವರ್ಸ್ ಹಾಕಿದಾಗ ‘ಧಡ್’ ಎಂದರೆ ಇಂಜಿನ್ ಮೌಂಟಿಂಗ್. ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಮುಂದಕ್ಕೆ ಓಡಿಸಿದಾಗ ಟಕಟಕಟಕ ಎಂದು ಲೆಕ್ಕ ಹಾಕಿದಂತೆ ಬಂದರೆ ಡ್ರೈವ್ ಶಾಫ್ಟ್‌ನ ಜಾಯಿಂಟ್. ಬ್ಯಾಟರಿಯ ಕ್ಲ್ಯಾಂಪ್, ಡಿಕ್ಕಿಯ ಸ್ಟೆಪ್ನಿ, ಜಾಕಿ ಸಡಿಲವಿಲ್ಲವೆಂದು ಮೊದಲೇ ನೋಡಿಬಿಡಿ.

ಪಾರ್ಟ್ ಹಾಕುವಾಗ

ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಬೇರಿಂಗ್‌ಗಳನ್ನು ಗುಜರಿಯಿಂದ ತರಬೇಡಿ. ಲೋವರ್ ಆರ್ಮ್ ನೆಟ್ಟಗಿದ್ದರೆ, ತುಕ್ಕಿಲ್ಲದಿದ್ದರೆ ತರಬಹುದು, ಬುಷ್ ಮಾತ್ರ ಹೊಸದು ಹಾಕಿಸಿ. ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ಬಂತು ಎಂದು ಎಣಿಸಿ ಬರೆದಿಡಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಅಲೈನ್‌ಮೆಂಟ್‌ಗೆ ಹೋಗುವವರೆಗೆ ಗಾಡಿ ನೆಟ್ಟಗೆ ಹೋಗಲು ಅಷ್ಟು ಸಾಕು. ಸ್ಟಡ್ ಬಿಡಿಸಲು ಪುಲ್ಲರ್ ಬಳಸಿ. ಮತ್ತೆ ಹಾಕುವ ಜಾಯಿಂಟ್‌ನ ಸ್ಟಡ್ ತಲೆಗೆ ಸುತ್ತಿಗೆ ಏಟು ಬಿದ್ದರೆ ಥ್ರೆಡ್ ಸಮೇತ ಹಾಳಾಗುತ್ತದೆ. ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದೇ ಹಾಕಿ. ತೂತು ಕೂಡದಿದ್ದರೆ ನಟ್ಟನ್ನು ಇನ್ನೂ ಸ್ವಲ್ಪ ಮುಂದಕ್ಕೆ ಬಿಗಿದು ಕೂಡಿಸಿ, ಹಿಂದಕ್ಕೆ ಸಡಿಲಿಸಬೇಡಿ.

ರಬ್ಬರ್ ಬುಷ್ ಇರುವ ಲೋವರ್ ಆರ್ಮ್ ಬೋಲ್ಟನ್ನು ಚಕ್ರ ಜೋತುಬಿದ್ದಾಗ ಪೂರ್ತಿ ಬಿಗಿಯಬಾರದು. ಕೈಬಿಗಿ ಮಾಡಿ, ಗಾಡಿ ಇಳಿಸಿ, ಒಂದೆರಡು ಸಲ ಕುಣಿಸಿ, ಭಾರವೆಲ್ಲ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ ಕೊಡಿ. ಇಲ್ಲದಿದ್ದರೆ ರಬ್ಬರ್ ಸದಾ ಮುರುಚಿಕೊಂಡೇ ಇದ್ದು, ಹೊಸ ಬುಷ್ ಬೇಗ ಹರಿಯುತ್ತದೆ. ‘ಮೊನ್ನೆ ತಾನೆ ಹಾಕ್ಸಿದ್ದು ಮತ್ತೆ ಹೋಯ್ತು’ ಎನ್ನುವ ಬುಷ್‌ಗಳಲ್ಲಿ ಎಷ್ಟೋ ಈ ಕಾರಣಕ್ಕೇ ಹೋಗಿರುತ್ತವೆ. ಮೆಕ್ಯಾನಿಕ್ ಎದುರು ನಿಂತು ಇದೊಂದನ್ನು ಕೇಳಿ ಮಾಡಿಸಿಕೊಳ್ಳಿ.

ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟ್. ಟೋ ಹೊಂದಿಸುವಾಗ ಎಡ–ಬಲ ಎರಡೂ ಟೈ ರಾಡ್‌ಗಳಲ್ಲಿ ಹೊರಗೆ ಕಾಣುವ ಥ್ರೆಡ್ ಹೆಚ್ಚುಕಮ್ಮಿ ಸಮ ಇರಬೇಕು. ಒಂದೇ ಕಡೆ ತಿರುಗಿಸಿ ಅಂಕಿ ಹೊಂದಿಸಿದರೆ ನೇರ ರಸ್ತೆಯಲ್ಲಿ ಸ್ಟೇರಿಂಗ್ ಚಕ್ರ ಸೊಟ್ಟಗೆ ನಿಲ್ಲುತ್ತದೆ. ಲಾಕ್ ನಟ್ ಬಿಗಿದಿದ್ದಾರೆಯೇ, ರ‍್ಯಾಕ್ ಬೂಟ್ ತಿರುಚಿಕೊಂಡಿಲ್ಲವೇ ಎಂದು ಅಲ್ಲೇ ಬಗ್ಗಿ ನೋಡಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬರುವಷ್ಟು ಓಡಿಸಿದ ಮೇಲೆ ಚಕ್ರದ ನಟ್, ಸ್ಟ್ರಟ್ ಮತ್ತು ನಕಲ್ ಸೇರುವ ಎರಡು ಬೋಲ್ಟ್, ಲೋವರ್ ಆರ್ಮ್ ಬೋಲ್ಟ್, ಸ್ಟೆಬಿಲೈಜರ್ ಬ್ರಾಕೆಟ್‌ಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಮತ್ತೆ ಒಬ್ಬರನ್ನು ಕೂರಿಸಿ ನೆಲದ ಮೇಲಿನ ಪ್ಲೇ ಪರೀಕ್ಷೆ ಮಾಡಿ.